ವೃತ್ತಿ: ಕೃಷಿ, ಹೆಸರು: ಹೆನ್ರಿ ಪ್ಲಂಬ್

ಚುನಾವಣೆ ಬಂದಾಗ ಅಭ್ಯರ್ಥಿಗಳು ಸಲ್ಲಿಸುವ ಅಫಿಡವಿಟ್ಟುಗಳನ್ನು ಓದುವ ಚಟ ನನಗಿದೆ. (ಹೌದು, ಮಾಡೋಕೆ ಬೇರೆ ಕೆಲಸ ಇಲ್ಲ :)) ಎಷ್ಟು ಕಾರು, ಎಷ್ಟು ಚಿನ್ನ ಅನ್ನೋದಕ್ಕಿಂತ ನನಗೆ ಮಜಾ ಕೊಡೋದು 'ವೃತ್ತಿ' ಅನ್ನೋ ಕಾಲಂ. ಬೆಂಗಳೂರಲ್ಲೇ ಹುಟ್ಟಿ ಬೆಳೆದು, ಲೇಔಟ್ ಮಾಡಿ ಸೈಟು ಮಾರಿ ದುಡ್ಡು ಮಾಡಿದವರೂ ಅಲ್ಲಿ ಬರೆಯೋದು 'ಕೃಷಿ ಮತ್ತು ವ್ಯಾಪಾರ' ಅಂತಲೇ. ಕೃಷಿ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ ಅನ್ನೋದು ಒಂದು ಅನುಕೂಲ. ಇನ್ನೊಂದು, 'ನಾನೂ ರೈತನ ಮಗನೇ ಕಣ್ರೀ' ಅಂದುಬಿಟ್ಟರೆ ಎದುರಿಗಿದ್ದವರ ಬಾಯಿ ಕಟ್ಟಿದ ಹಾಗೆ.

ರೈತ ಅನ್ನೋದು ರಾಜಕೀಯಕ್ಕೆ ಒಂದು ಅರ್ಹತೆಯಾ? ನಿಜವಾದ ರೈತನೇ ಅಧಿಕಾರದ ತುದಿಗೆ ಹೋಗಿ ಕೂತರೆ ಏನಾಗುತ್ತೆ? ಈ ಪ್ರಶ್ನೆಗೆ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ನಮ್ಮವರಲ್ಲ. ಇಂಗ್ಲೆಂಡಿನವನು. ಹೆನ್ರಿ ಪ್ಲಂಬ್.

ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಕೊವೆಂಟ್ರಿಯಲ್ಲಿದ್ದಾಗ ಈ ಹೆಸರು ಮೊದಲ ಸಲ ಕಿವಿಗೆ ಬಿತ್ತು. ಅಲ್ಲಿನ ವಿಶ್ವವಿದ್ಯಾಲಯಕ್ಕೆ 1995ರಿಂದ 2007ರ ತನಕ ಕುಲಪತಿಯಾಗಿದ್ದವನು. ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟವನು ಕುಲಪತಿ! ಅಷ್ಟು ಸಾಕಾಯ್ತು ನನಗೆ, ಹುಡುಕಿ ಹುಡುಕಿ ಓದೋಕೆ ಶುರು ಮಾಡಿದೆ.

ಹುಟ್ಟಿದ್ದು 1925ರ ಮಾರ್ಚ್ 27, ವಾರಿಕ್‌ಶೈರ್‌ನ ಆನ್ಸ್‌ಲಿ ಎಂಬ ಹಳ್ಳಿಯಲ್ಲಿ. 1940, ಯುದ್ಧದ ಕಾಲ. ಹುಡುಗ ಶಾಲೆ ಬಿಟ್ಟು ಹೊಲಕ್ಕಿಳಿದ. ಜರ್ಮನಿಯ ಜಲಾಂತರ್ಗಾಮಿಗಳು ಆಹಾರ ತರುವ ಹಡಗುಗಳನ್ನು ಮುಳುಗಿಸುತ್ತಿದ್ದ ಹೊತ್ತು, ಹೊಲದಲ್ಲಿ ದುಡಿಯೋದೂ ಯುದ್ಧದ ಕೆಲಸವೇ ಆಗಿತ್ತು. 1952ರಲ್ಲಿ ಅಪ್ಪ ತೀರಿಕೊಂಡಾಗ ಫಾರ್ಮು ಪೂರ್ತಿ ಇವನ ಹೆಗಲಿಗೆ ಬಂತು. ಕೋಲ್ಸ್‌ಹಿಲ್ ಹತ್ತಿರದ ಮ್ಯಾಕ್ಸ್‌ಟೋಕ್‌ನಲ್ಲಿದ್ದ ಆ ಫಾರ್ಮಿನ ಹೆಸರೇ 'ದಿ ಡೈರಿ ಫಾರ್ಮ್'. ಹೆಸರಿಡೋದರಲ್ಲಿ ಇಂಗ್ಲಿಷರು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ ಬಿಡಿ.

ಅಲ್ಲಿಂದ ಮುಂದಿನದನ್ನು ಬೇಗ ಹೇಳಿಬಿಡ್ತೀನಿ. ರಾಷ್ಟ್ರೀಯ ರೈತ ಒಕ್ಕೂಟ, ಅಂದರೆ ಎನ್‌ಎಫ್‌ಯು, ಅದರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ 1970ರಿಂದ 79ರ ತನಕ ಅಧ್ಯಕ್ಷ. 1973ರಲ್ಲಿ 'ಸರ್' ಪದವಿ. 1979ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಯುರೋಪಿಯನ್ ಪಾರ್ಲಿಮೆಂಟಿಗೆ, ಕಾಟ್ಸ್‌ವಲ್ಡ್ಸ್ ಕ್ಷೇತ್ರದಿಂದ. 1987ರಲ್ಲಿ ಅದೇ ಪಾರ್ಲಿಮೆಂಟಿನ ಅಧ್ಯಕ್ಷ. ಆ ಕುರ್ಚಿಯಲ್ಲಿ ಕೂತ ಬ್ರಿಟಿಷರು ಅವನೊಬ್ಬನೇ. ಬ್ರಿಟನ್ ಈಗ ಹೊರಗೆ ಬಂದಿರೋದರಿಂದ, ಸದ್ಯಕ್ಕಂತೂ ಆ ದಾಖಲೆ ಮುರಿಯುವವರಿಲ್ಲ.

ಬರೀ ಇಷ್ಟೇ ಆಗಿದ್ದರೆ ಇದು 'ಹಳ್ಳಿ ಹುಡುಗನ ಯಶೋಗಾಥೆ' ಆಗಿ ಮುಗಿಯೋದು. ಆದರೆ ಪ್ಲಂಬ್ ಗಟ್ಟಿಯಾಗಿದ್ದು ಹಳ್ಳಿ ಹುಡುಗ ಅನ್ನೋ ಕಾರಣಕ್ಕಲ್ಲ ಅನ್ನೋದು ನನ್ನ ವಾದ. ಅವನ ಬೆನ್ನ ಹಿಂದೆ ಒಂದು ಮೇಜಿತ್ತು.

ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ 1947ರ ಕೃಷಿ ಕಾಯಿದೆ ಬಂತು. ಲೇಬರ್ ಪಕ್ಷದ ಸರ್ಕಾರ, ಟಾಮ್ ವಿಲಿಯಮ್ಸ್ ಕೃಷಿ ಮಂತ್ರಿ. ಊಟಕ್ಕೆ ಪರದಾಡಿದ ನೆನಪು ಹಸಿಯಾಗಿತ್ತು (ರೇಷನ್ ಪೂರ್ತಿ ನಿಂತಿದ್ದೇ 1954ರಲ್ಲಿ). ಆ ಕಾಯಿದೆ ಪ್ರಕಾರ ಮುಖ್ಯ ಬೆಳೆಗಳಿಗೂ ಹಾಲಿಗೂ ಮಾಂಸಕ್ಕೂ ಖಾತರಿ ಬೆಲೆ. ಆ ಬೆಲೆಯನ್ನು ಪ್ರತಿ ವರ್ಷ ಮರುಪರಿಶೀಲನೆ ಮಾಡಬೇಕು, ಅದೂ ಉತ್ಪಾದಕರ ಪ್ರತಿನಿಧಿಗಳ ಜೊತೆ ಸಮಾಲೋಚಿಸಿಯೇ. ಗಮನಿಸಿ, 'ಬೇಕಾದರೆ ಕೇಳಬಹುದು' ಅಂತಲ್ಲ. ಹೀಗಾಗಿ ವರ್ಷಕ್ಕೊಮ್ಮೆ ಸರ್ಕಾರದವರು ಒಂದು ಕಡೆ, ಎನ್‌ಎಫ್‌ಯುನವರು ಇನ್ನೊಂದು ಕಡೆ. ಗೊಬ್ಬರಕ್ಕೆಷ್ಟು, ಕೂಲಿಗೆಷ್ಟು, ಮೇವಿಗೆಷ್ಟು ಅಂತ ಲೆಕ್ಕ ಹಿಡಿದು ಗುದ್ದಾಟ.

ಆ ಗುದ್ದಾಟಕ್ಕೆ ಹೋಗಬೇಕಾದರೆ ಒಕ್ಕೂಟಕ್ಕೆ ಅರ್ಥಶಾಸ್ತ್ರಜ್ಞರು ಬೇಕು, ಜಿಲ್ಲೆ ಜಿಲ್ಲೆಯಲ್ಲಿ ಕಚೇರಿ ಬೇಕು, ಸದಸ್ಯರು ಕಟ್ಟುವ ಚಂದಾ ಬೇಕು. ಅದೆಲ್ಲ ಅವರಲ್ಲಿತ್ತು. ಲಂಡನ್ನಿನ ನೈಟ್ಸ್‌ಬ್ರಿಜ್‌ನಂಥ ಶ್ರೀಮಂತ ಬಡಾವಣೆಯಲ್ಲಿ 'ಅಗ್ರಿಕಲ್ಚರ್ ಹೌಸ್' ಅಂತ ಸ್ವಂತ ಕೇಂದ್ರ ಕಚೇರಿ! ದೇಶದ ದುಡಿಯುವವರಲ್ಲಿ ನೂರಕ್ಕೆ ಸುಮಾರು ಮೂರು ಜನ ಮಾತ್ರ ಹೊಲದಲ್ಲಿದ್ದ ಕಾಲದಲ್ಲಿ ಅವರ ಮಾತಿಗೆ ಅಷ್ಟು ಬೆಲೆ. ನಮ್ಮಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನ ಕೃಷಿಯಲ್ಲಿದ್ದಾರೆ. ಬೆಂಬಲ ಬೆಲೆ ಹೇಳೋಕೆ ಆಯೋಗ ಇದೆ. ಆಯೋಗ ಶಿಫಾರಸು ಮಾಡುತ್ತೆ, ಸರ್ಕಾರ ಘೋಷಿಸುತ್ತೆ, ರೈತ ಪೇಪರಲ್ಲಿ ಓದ್ತಾನೆ.

ಕಾಲುಬಾಯಿ ಜ್ವರದ ಕಥೆಯನ್ನೂ ಇಲ್ಲಿ ಹೇಳಬೇಕು. 1967ರ ಅಕ್ಟೋಬರ್‌ನಲ್ಲಿ ಶ್ರಾಪ್‌ಶೈರ್‌ನಲ್ಲಿ ಶುರುವಾಗಿ ಮುಂದಿನ ವರ್ಷದವರೆಗೂ ಹಬ್ಬಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಂದು ಸುಟ್ಟರು, ಹೂತರು. ನಮಗೆ ಕೇಳೋಕೇ ಸಂಕಟ ಆಗುತ್ತೆ, ನಮ್ಮ ಹಟ್ಟಿಗಳಲ್ಲಿ ಆ ಜ್ವರ ಬಂದರೆ ಕೊಲ್ಲೋದಿಲ್ಲ, ಕಾಲಿಗೆ ಬಾಯಿಗೆ ಔಷಧಿ ಹಚ್ಚಿ ಕಾಯ್ತೀವಿ. ಆಮೇಲೆ ತನಿಖೆಗೆ ನಾರ್ತಂಬರ್‌ಲ್ಯಾಂಡ್ ಸಮಿತಿ ನೇಮಿಸಿದರು. ಆಗ ಎನ್‌ಎಫ್‌ಯು ಉಪಾಧ್ಯಕ್ಷನಾಗಿದ್ದ ಪ್ಲಂಬ್ ಅದರ ಸದಸ್ಯ. ಕೊಂದರೆ ಬೇಗ ಕೊಲ್ಲಿ, ಸೈನ್ಯದ ನೆರವು ಬೇಗ ಪಡೆಯಿರಿ ಅನ್ನೋ ಥರದ ಖಡಾಖಂಡಿತ ಸಲಹೆಗಳಿದ್ದ ವರದಿ ಅದು. 2001ರಲ್ಲಿ ಅದೇ ರೋಗ ಮತ್ತೆ ಬಂದಾಗ ಸರ್ಕಾರ ತಡ ಮಾಡಿತು, ಅರವತ್ತು ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಹೋದವು. ಡಾಕ್ಯುಮೆಂಟೇಶನ್ ಓದದೆ ಪ್ರೊಡಕ್ಷನ್‌ಗೆ ಕೈ ಹಾಕುವವರು ಎಲ್ಲಾ ಕಡೆ ಇರ್ತಾರೆ.

1973ರ ಜನವರಿ 1ಕ್ಕೆ ಬ್ರಿಟನ್ ಯುರೋಪಿನ ಕೂಟ ಸೇರಿತು. ಅಲ್ಲಿಗೆ ಆ ಮೇಜು ಲಂಡನ್ನಿಂದ ಎದ್ದು ಬ್ರಸೆಲ್ಸ್‌ಗೆ ಹೋಯಿತು. ಬೆಲೆ ಗೊತ್ತು ಮಾಡೋದು ಈಗ ಎಲ್ಲಾ ದೇಶಗಳ ಕೃಷಿ ಮಂತ್ರಿಗಳು ಕೂತು. ಸೇರುವುದೇ ಒಳ್ಳೆಯದು ಅಂದಿದ್ದ ಪ್ಲಂಬ್ ಮೇಜಿನ ಹಿಂದೆಯೇ ಹೊರಟ. 1975ರಿಂದ 77ರ ತನಕ ಕೋಪಾ ಎನ್ನುವ ಇಡೀ ಯುರೋಪಿನ ರೈತ ಸಂಘಟನೆಗಳ ಕೂಟಕ್ಕೆ ಅಧ್ಯಕ್ಷ, ಆಮೇಲೆ ಪಾರ್ಲಿಮೆಂಟು. ಅವನು ಮಂತ್ರಿಗಿರಿಗೆ ಆಸೆಪಟ್ಟು ರಾಜಕೀಯಕ್ಕೆ ಬಂದ ಅಂತ ನನಗನ್ನಿಸಲ್ಲ. ಅವನ ಕಸುಬೇ ಮೇಜಿನ ಮುಂದೆ ಕೂರೋದು, ಮೇಜು ಎಲ್ಲಿತ್ತೋ ಅಲ್ಲಿಗೆ ಹೋದ. ಮನೆ ಒಳಗೆ ಗಲಾಟೆ ಇರಲಿಲ್ಲ ಅಂತಲ್ಲ. 1974ರಲ್ಲಿ ದನದ ಬೆಲೆ ನೆಲ ಕಚ್ಚಿದಾಗ ವೇಲ್ಸ್‌ನ ರೈತರು ಹಾಲಿಹೆಡ್ ಬಂದರಿಗೆ ಹೋಗಿ, ಐರ್ಲೆಂಡಿಂದ ಬರುವ ದನಗಳನ್ನು ಇಳಿಸಬೇಡಿ ಅಂತ ಅಡ್ಡ ನಿಂತಿದ್ದರು. ಆಗ ಎನ್‌ಎಫ್‌ಯು ಅಧ್ಯಕ್ಷ ಇವನೇ.

ಈಗ ಬೆಣ್ಣೆಯ ವಿಷಯ. ನನ್ನ ತಕರಾರಿರೋದು ಇಲ್ಲಿ.

ಯುರೋಪಿನ ಸಾಮಾನ್ಯ ಕೃಷಿ ನೀತಿ, ಸಿಎಪಿ, ಪ್ಲಂಬ್ ಮಾಡಿದ್ದಲ್ಲ. ಅದಕ್ಕೆ ರೂಪ ಕೊಟ್ಟವನು ಡಚ್ ರಾಜಕಾರಣಿ ಸಿಕ್ಕೋ ಮನ್ಸ್‌ಹೋಲ್ಟ್. ಅವನೂ ರೈತನೇ! ವ್ಯವಸ್ಥೆ ಹೀಗಿತ್ತು: ಬೆಣ್ಣೆ, ಹಾಲಿನ ಪುಡಿ, ಗೋಧಿ ಇವಕ್ಕೆಲ್ಲ ಒಂದು ಬೆಲೆ ಗೊತ್ತು ಮಾಡ್ತಾರೆ. ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಕೆಳಗೆ ಬಿದ್ದರೆ ಸರ್ಕಾರದ ಏಜೆನ್ಸಿಯೇ ಬಂದು ಕೊಳ್ಳುತ್ತೆ, ಕೋಲ್ಡ್ ಸ್ಟೋರೇಜಲ್ಲಿ ಇಡುತ್ತೆ. ಎಷ್ಟು ತಂದರೂ ಕೊಳ್ಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಕ್ಸಿಟ್ ಕಂಡೀಶನ್ ಇಲ್ಲದ ವೈಲ್ ಲೂಪು. ಅಂಥ ಕೋಡ್ ಬರೆದರೆ ಏನಾಗುತ್ತೆ ಅಂತ ಇದನ್ನು ಓದ್ತಿರೋ ಅರ್ಧ ಜನಕ್ಕೆ ಗೊತ್ತು. ಮೆಮೊರಿ ತುಂಬುತ್ತೆ. ಅಲ್ಲಿ ಗೋದಾಮು ತುಂಬಿತು. 1980ರ ದಶಕದ ನಡುವಿಗೆ ಬೆಣ್ಣೆಯ ದಾಸ್ತಾನೇ ಹತ್ತು ಲಕ್ಷ ಟನ್ ದಾಟಿತ್ತು. 'ಬೆಣ್ಣೆ ಬೆಟ್ಟ' ಅಂತ ಪತ್ರಿಕೆಗಳು ಹೆಸರಿಟ್ಟವು. ಕೂಟದ ಬಜೆಟ್ಟಿನ ಮೂರನೇ ಎರಡು ಭಾಗದಷ್ಟು ಕೃಷಿಗೇ ಹೋಗ್ತಿತ್ತು. ಹಳೇ ಬೆಣ್ಣೆಯನ್ನು ಸೋವಿಯತ್ ಒಕ್ಕೂಟಕ್ಕೆ ಕವಡೆ ಕಾಸಿಗೆ ಮಾರಿದರು. ತಮ್ಮ ತೆರಿಗೆ ದುಡ್ಡಲ್ಲಿ ರಷ್ಯನ್ನರು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಳ್ಳೋದನ್ನು ಕಂಡ ಯುರೋಪಿನ ಜನಕ್ಕೆ ಹೇಗಾಗಿರಬೇಡ!

ಮನ್ಸ್‌ಹೋಲ್ಟ್‌ಗೆ ಇದು ಮೊದಲೇ ಕಂಡಿತ್ತು. 1968ರಲ್ಲೇ ಆತ ಹೊಲಗಳು ದೊಡ್ಡದಾಗಬೇಕು, ಸಣ್ಣ ರೈತರು ಬೇರೆ ಕಸುಬು ನೋಡಿಕೊಳ್ಳಬೇಕು ಅಂತ ಯೋಜನೆ ಇಟ್ಟ. 1971ರ ಮಾರ್ಚ್‌ನಲ್ಲಿ ರೈತರು ಬ್ರಸೆಲ್ಸ್‌ಗೆ ಮುತ್ತಿಗೆ ಹಾಕಿದರು, ಗಲಭೆಯಲ್ಲಿ ಒಬ್ಬ ರೈತ ಸತ್ತ. ಯೋಜನೆ ಬಡಕಲಾಗಿ ಉಳಿಯಿತು. ಖಾತರಿ ಬೆಲೆ ಮಾತ್ರ ಹಾಗೇ ಮುಂದುವರಿಯಿತು, ವರ್ಷವರ್ಷವೂ ಹೆಚ್ಚಿಸಿ ಅಂತ ಪಟ್ಟು ಹಿಡಿದವರಲ್ಲಿ ಕೋಪಾ ಕೂಡ ಇತ್ತು.

ಪ್ಲಂಬ್ ಪಾರ್ಲಿಮೆಂಟಿಗೆ ಹೋದ ಮೊದಲ ಆರೇ ತಿಂಗಳಲ್ಲಿ, 1979ರ ಡಿಸೆಂಬರ್‌ನಲ್ಲಿ, ಆ ಸಭೆ ಕೂಟದ ಬಜೆಟ್ಟನ್ನೇ ತಿರಸ್ಕರಿಸಿತು. ದೊಡ್ಡ ಕಾರಣ ಕೃಷಿಗೆ ಸುರಿಯುತ್ತಿದ್ದ ಹಣ. ಆಗ ಕೃಷಿ ಸಮಿತಿಯ ಅಧ್ಯಕ್ಷ ಯಾರು? ಪ್ಲಂಬ್! ಆದರೆ ಕೃಷಿ ಖರ್ಚಿನ ವಿಷಯದಲ್ಲಿ ಕೊನೆಯ ಮಾತು ಮಂತ್ರಿಗಳದ್ದೇ, ಪಾರ್ಲಿಮೆಂಟಿನದ್ದು ಬರೀ ಸಲಹೆ. ಕೃಷಿಯಲ್ಲಿ ಅದಕ್ಕೆ ಸರಿಸಮ ಅಧಿಕಾರ ಬಂದಿದ್ದು 2009ರ ಲಿಸ್ಬನ್ ಒಪ್ಪಂದದ ಮೇಲೆ. ರೈತನೊಬ್ಬ ಕಷ್ಟಪಟ್ಟು ಹೋಗಿ ಕೂತ ಮನೆಗೆ ಕೃಷಿಯ ಬೀಗದ ಕೈಯೇ ಕೊಟ್ಟಿರಲಿಲ್ಲ.

ಕೊನೆಗೆ 1984ರ ಏಪ್ರಿಲ್‌ನಲ್ಲಿ ಹಾಲಿನ ಕೋಟಾ ಬಂತು. 1981ರಲ್ಲಿ ಎಷ್ಟು ಹಾಲು ಹಾಕಿದ್ದಿರೋ ಅದರ ಮೇಲೆ ಶೇಕಡಾ 1 ಅಂತ ಲೆಕ್ಕ ಹಿಡಿದು ಕೂಟಕ್ಕೆಲ್ಲ ಮಿತಿ ಹಾಕಿದರು. ಅದು ಮೀರಿದರೆ ದಂಡ. ಸಾಲ ತಂದು ಕೊಟ್ಟಿಗೆ ದೊಡ್ಡದು ಮಾಡಿಕೊಂಡಿದ್ದವರು ಬೆಳಗ್ಗೆ ಎದ್ದು ನೋಡಿದರೆ, ಕರೆದ ಹಾಲು ತಪ್ಪು! ಆ ಕೋಟಾ 2015ರ ಮಾರ್ಚ್ ತನಕ ಇತ್ತು. ಖಾತರಿ ಬೆಲೆ ಕೊಡಿ ಅಂತ ಕೇಳೋದು ಸುಲಭ, ಎಷ್ಟಕ್ಕೆ ಅಂತ ಮಿತಿಯನ್ನೂ ನಾವೇ ಹೇಳಬೇಕು ಅನ್ನೋದನ್ನು ಯಾವ ರೈತ ಸಂಘವೂ ತಾನಾಗಿ ಒಪ್ಪಲ್ಲ. ಪ್ಲಂಬ್‌ನಷ್ಟು ಗೌರವ ಇದ್ದ ನಾಯಕ ಅದನ್ನು ಎಪ್ಪತ್ತರ ದಶಕದಲ್ಲೇ ಒಪ್ಪಿಸಬಹುದಿತ್ತು, ಒಪ್ಪಿಸಲಿಲ್ಲ. ಅವನ ಮೇಲಿನ ನನ್ನ ದೊಡ್ಡ ದೂರು ಇದು.

ಬೆಟ್ಟದ ಒಂದು ಚೂರು ನಮ್ಮ ಮನೆ ತನಕ ಬಂದಿದೆ ಗೊತ್ತಾ? ನಮ್ಮಪ್ಪ ತಿಪಟೂರು ಕಡೆ ಎರಡು ಹಸು ಕಟ್ಟಿಕೊಂಡು ದಿನಾ ಡೈರಿಗೆ ಹಾಲು ಹಾಕೋರು. ಕೊವೆಂಟ್ರಿಯಿಂದ ಫೋನ್ ಮಾಡಿದಾಗೆಲ್ಲ ಚಳಿ ಹೆಂಗೈತೆ, ಊಟ ಏನು ಅಂತ ಅಮ್ಮ ಕೇಳಿದರೆ, ಅಪ್ಪನದು ಒಂದೇ ಪ್ರಶ್ನೆ: "ಅಲ್ಲಿ ಫ್ಯಾಟು ಎಷ್ಟು ಬರುತ್ತಪ್ಪಾ? ರೈತನ ಕೈಗೆ ಲೀಟರಿಗೆ ಎಷ್ಟು ಕೊಡ್ತಾರೆ?"

1970ರಲ್ಲಿ ವರ್ಗೀಸ್ ಕುರಿಯನ್ 'ಆಪರೇಷನ್ ಫ್ಲಡ್' ಶುರು ಮಾಡಿದಾಗ ಅದಕ್ಕೆ ಬಂಡವಾಳ ಬಂದಿದ್ದು ಯುರೋಪಿನ ಈ ಹೆಚ್ಚುವರಿಯಿಂದಲೇ. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಮೊದಲ ಹಂತಕ್ಕೆ 1,26,000 ಟನ್ ಕೆನೆ ತೆಗೆದ ಹಾಲಿನ ಪುಡಿ, 42,000 ಟನ್ ಬೆಣ್ಣೆ ಎಣ್ಣೆ ಪುಕ್ಕಟೆ ಬಂತು. ಪುಕ್ಕಟೆ ಪುಡಿಯನ್ನು ಪುಕ್ಕಟೆಯಾಗಿ ಹಂಚಿದ್ದರೆ ನಮ್ಮ ಹಾಲಿನ ದರ ಮಣ್ಣು ಮುಕ್ಕುತ್ತಿತ್ತು. ಕುರಿಯನ್ ಹಾಗೆ ಮಾಡಲಿಲ್ಲ. ನಗರದ ಡೈರಿಗಳಲ್ಲಿ ಅದನ್ನು ಹಾಲು ಮಾಡಿ ದುಡ್ಡಿಗೇ ಮಾರಿಸಿ, ಬಂದ ಹಣವನ್ನು ಹಳ್ಳಿಯ ಸಂಘಗಳಿಗೆ, ಶೀತಲ ಘಟಕಗಳಿಗೆ, ಟ್ಯಾಂಕರುಗಳಿಗೆ ಹಾಕಿದರು. ಬಂದ ಗಿಫ್ಟನ್ನೇ ಗಿಫ್ಟು ಬೇಡದ ಹಾಗೆ ಮಾಡೋಕೆ ಬಳಸಿದ್ದು. ಇದೂ ವಿವಾದವಿಲ್ಲದೆ ನಡೆದಿಲ್ಲ. ಇದೆಲ್ಲ ಬಿಳಿ ಸುಳ್ಳು ಅಂತ 1983ರಲ್ಲಿ ಕ್ಲಾಡ್ ಆಲ್ವಾರಿಸ್ ಬರೆದ ಲೇಖನ ದೊಡ್ಡ ಗದ್ದಲ ಎಬ್ಬಿಸಿತ್ತು. ಆದರೂ ತೊಂಬತ್ತರ ದಶಕದ ಕೊನೆಗೆ ಭಾರತ ಹಾಲಿನಲ್ಲಿ ಜಗತ್ತಿಗೇ ಮೊದಲು. ಅಪ್ಪ ಹಾಲು ಹಾಕುವ ಸಂಘವೂ ಅದೇ ಮಾದರಿಯದು. ವಾರಿಕ್‌ಶೈರಿನ ರೈತನಿಗೆ ಕೊಟ್ಟ ಮಾತಿನ ಬಿಲ್ಲು ಎಲ್ಲೆಲ್ಲಿಗೆ ಹೋಗುತ್ತೆ, ಅದನ್ನು ಯಾರು ಹೇಗೆ ಬಳಸಿಕೊಳ್ತಾರೆ ಅನ್ನೋದು ವಿಚಿತ್ರ. ಎಲ್ಲಾ ದೇಶಕ್ಕೂ ಒಬ್ಬ ಕುರಿಯನ್ ಇರಲಿಲ್ಲ ಅನ್ನೋದನ್ನೂ ಮರೆಯಬಾರದು. 2025ರ ಜುಲೈನಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವಾಗ ನಮ್ಮವರು ಹಾಲಿನ ಪದಾರ್ಥಗಳಿಗೆ ರಿಯಾಯಿತಿ ಇಲ್ಲ ಅಂದಿದ್ದರ ಹಿಂದೆ ಈ ಅಂಜಿಕೆಯೇ ಇದೆ.

ಅಂದಹಾಗೆ ಪ್ಲಂಬ್ ಬರೀ ಬೆಣ್ಣೆ ಲೆಕ್ಕದ ಮನುಷ್ಯ ಅಂದುಕೊಳ್ಳಬೇಡಿ. 1987ರ ಜನವರಿಯಲ್ಲಿ ಅಧ್ಯಕ್ಷನಾಗಿದ್ದು ಸ್ಪೇನಿನ ಎನ್ರಿಕೆ ಬಾರೋನ್ ಕ್ರೆಸ್ಪೊ ವಿರುದ್ಧ 241-236, ಐದೇ ಮತ. 1988ರ ಅಕ್ಟೋಬರ್ 11ರಂದು ಪೋಪ್ ಎರಡನೇ ಜಾನ್ ಪಾಲ್ ಸ್ಟ್ರಾಸ್‌ಬರ್ಗ್‌ನಲ್ಲಿ ಭಾಷಣ ಮಾಡ್ತಿದ್ದಾಗ ಉತ್ತರ ಐರ್ಲೆಂಡಿನ ಇಯಾನ್ ಪೇಸ್ಲಿ ಎದ್ದು ನಿಂತು, ಪೋಪರೇ ಕ್ರಿಸ್ತವಿರೋಧಿ ಅಂತ ಕೂಗಿ ಫಲಕ ಹಿಡಿದ. ಅಕ್ಕಪಕ್ಕದ ಸದಸ್ಯರೇ ಫಲಕ ಕಿತ್ತುಕೊಂಡರು. ಕಿತ್ತವರಲ್ಲಿ ಆಸ್ಟ್ರಿಯಾದ ಹಳೇ ರಾಜಮನೆತನದ ಕುಡಿ ಒಟ್ಟೊ ಫಾನ್ ಹ್ಯಾಬ್ಸ್‌ಬರ್ಗ್ ಕೂಡ ಒಬ್ಬ! ಅಧ್ಯಕ್ಷ ಪೀಠದಲ್ಲಿದ್ದ ಪ್ಲಂಬ್ ಪೇಸ್ಲಿಗೆ ಎಚ್ಚರಿಕೆ ಕೊಟ್ಟು, ಹೊರಗೆ ಹಾಕಿಸಿ, ಪೋಪರಿಗೆ ಭಾಷಣ ಮುಂದುವರಿಸೋಕೆ ಅನುವು ಮಾಡಿಕೊಟ್ಟ. ಹುಚ್ಚೆದ್ದ ಹೋರಿ ಹಿಡಿದು ಅಭ್ಯಾಸ ಇದ್ದವನಿಗೆ ಇದೇನು ಮಹಾ :)

ಅದಕ್ಕೆ ಮೂರು ವಾರ ಮೊದಲು, ಸೆಪ್ಟೆಂಬರ್ 20ರಂದು, ಅವನದೇ ಪಕ್ಷದ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಬ್ರೂಜ್‌ನಲ್ಲಿ ಯುರೋಪಿನ ಕೇಂದ್ರಾಧಿಕಾರದ ವಿರುದ್ಧ ಗುಡುಗಿದ್ದರು. ಬ್ರಿಟನ್ ಮುಂದೆ ಹಿಡಿದ ದಾರಿಯ ಮೊದಲ ಮೈಲುಗಲ್ಲು ಆ ಭಾಷಣ. ಪ್ಲಂಬ್ ಇದ್ದದ್ದು ಮತ್ತೊಂದು ದಿಕ್ಕಿನಲ್ಲಿ, ಪಕ್ಷ ಅವನಿಂದ ದೂರ ದೂರ ಸರಿಯುತ್ತಾ ಹೋಯಿತು. 2001ರಲ್ಲಿ ಬಂದ ಆತ್ಮಕಥೆಗೆ ಅವನು ತನ್ನ ಹೆಸರಿನ ಮೇಲೇ ಶ್ಲೇಷೆ ಮಾಡಿ 'ದಿ ಪ್ಲಂಬ್ ಲೈನ್' ಅಂತ ಹೆಸರಿಟ್ಟ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ನೋಡೋಕೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಡ್ತಾರಲ್ಲ, ಅದು.

1999ರ ಬೇಸಿಗೆ ನನಗೆ ತುಂಬಾ ಕುತೂಹಲದ್ದು. ಇಪ್ಪತ್ತು ವರ್ಷ ಯುರೋಪಿಯನ್ ಪಾರ್ಲಿಮೆಂಟಿನಲ್ಲಿದ್ದ ಪ್ಲಂಬ್ ಮತ್ತೆ ನಿಲ್ಲದೆ ನಿವೃತ್ತನಾದ. ಆ ಜೂನ್ ಚುನಾವಣೆಯಲ್ಲಿ ಕಾರ್ನ್‌ವಾಲ್‌ನ ಕೃಷಿಕ ಕುಟುಂಬದ ಹುಡುಗ, ಮನೆಯ ಫಾರ್ಮ್ ವ್ಯವಹಾರದಲ್ಲಿದ್ದ ಜಾರ್ಜ್ ಯೂಸ್ಟಿಸ್, ಬ್ರಿಟನ್ ಯುರೋಪಿನಿಂದ ಹೊರಬರಲಿ ಅನ್ನುವ ಯುಕಿಪ್ ಪಕ್ಷದಿಂದ ನಿಂತು ಸೋತ. ಅದೇ ಮೇ-ಜೂನ್‌ನಲ್ಲೇ ನಮ್ಮ ರೈತ ಸಂಘದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿ ಮುಂದಾಳತ್ವದಲ್ಲಿ ಭಾರತದ ನೂರಾರು ರೈತರು ಬಸ್ಸುಗಳಲ್ಲಿ ಯುರೋಪ್ ಸುತ್ತುತ್ತಿದ್ದರು, ವಿಶ್ವ ವ್ಯಾಪಾರ ಸಂಸ್ಥೆಯ ವಿರುದ್ಧ. ಹಸಿರು ಶಾಲು ಹೊದ್ದವರು ಕಲೋನ್‌ನ ಜಿ-8 ಶೃಂಗಸಭೆಯ ಬಾಗಿಲಿಗೇ ಹೋದರು. ಪ್ಲಂಬ್ ಮೇಜಿನ ಒಳಗಿನವನು, ಪ್ರೊಫೆಸರ್ ಮೇಜನ್ನೇ ತಿರಸ್ಕರಿಸಿದವರು. ಮೂಲತಃ ಕಾನೂನು ಮೇಷ್ಟ್ರಾಗಿದ್ದ ಪ್ರೊಫೆಸರರಿಗಿದ್ದ ಜಾಗತಿಕ ಕಣ್ಣು ಪ್ಲಂಬ್‌ಗಿರಲಿಲ್ಲ, ಪ್ಲಂಬ್ ಬೆನ್ನಿಗಿದ್ದ ಲೆಕ್ಕಪತ್ರ, ಕಚೇರಿ, ಚಂದಾ ನಮ್ಮ ಸಂಘಕ್ಕಿರಲಿಲ್ಲ. ಯಾವುದಾದರೂ ಒಂದನ್ನೇ ಆರಿಸು ಅಂದರೆ ನಾನು ಕಚೇರಿಯನ್ನೇ ಆರಿಸ್ತೀನಿ. ಕಾಮೆಂಟಲ್ಲಿ ಬೈಯಿರಿ, ಪರವಾಗಿಲ್ಲ. ನಾಯಕ ಹೋದ ಮೇಲೂ ಸೋಮವಾರ ಬೆಳಗ್ಗೆ ಬಾಗಿಲು ತೆಗೆಯೋದು ಕಚೇರಿ ಮಾತ್ರ. 2004ರಲ್ಲಿ ಪ್ರೊಫೆಸರ್ ಹೋಗುವ ಮೊದಲೇ ನಮ್ಮ ಸಂಘ ಹೋಳಾಗಿತ್ತು, ಆಮೇಲೆ ಇನ್ನಷ್ಟು ಹೋಳಾಯಿತು.

2016ರಲ್ಲಿ ಬ್ರಿಟನ್ನಿನ ಜನ ಶೇಕಡಾ 51.9 ಮತ ಹಾಕಿ ಯುರೋಪ್ ಬಿಡೋಣ ಅಂದರು. 2020ರ ಜನವರಿ 31ಕ್ಕೆ ಬಿಟ್ಟೂ ಆಯಿತು. ಪ್ಲಂಬ್‌ಗೆ ಆಗ 94. ಎರಡು ವಾರದಲ್ಲಿ, ಆ ಹೊತ್ತಿಗೆ ಕನ್ಸರ್ವೇಟಿವ್ ಪಕ್ಷ ಸೇರಿ ಸಂಸದನೂ ಆಗಿದ್ದ ಯೂಸ್ಟಿಸ್ ಕೃಷಿ ಖಾತೆಯ ಮಂತ್ರಿಯಾದ. 2021ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ಜೊತೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಲಿನ ದನದ ಮಾಂಸ, ಕುರಿ ಮಾಂಸದ ಮೇಲಿನ ಸುಂಕ ಹಂತ ಹಂತವಾಗಿ ತೆಗೆಯೋದು ಅಂತ. ಎನ್‌ಎಫ್‌ಯು ಬಾಯಿ ಬಡಿದುಕೊಂಡಿತು. ಅದು ವ್ಯಾಪಾರ ಖಾತೆಯವರ ಮೇಜು, ಅಲ್ಲಿ ಕೃಷಿಯವರ ಮಾತು ನಡೆಯಲಿಲ್ಲ.

ಪ್ಲಂಬ್ 2022ರ ಏಪ್ರಿಲ್ 15ರಂದು ತೀರಿಕೊಂಡ, 97 ವರ್ಷಕ್ಕೆ. ಅದೇ ನವೆಂಬರ್‌ನಲ್ಲಿ ಯೂಸ್ಟಿಸ್ ಸಂಸತ್ತಿನಲ್ಲಿ ಎದ್ದು ನಿಂತು, ಆಸ್ಟ್ರೇಲಿಯಾ ಒಪ್ಪಂದ ನಿಜವಾಗಿ ಬ್ರಿಟನ್‌ಗೆ ಅಷ್ಟೇನೂ ಒಳ್ಳೆಯ ಒಪ್ಪಂದ ಅಲ್ಲ ಅಂತ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಮಂತ್ರಿಗಿರಿ ಹೋಗಿ ಎರಡು ತಿಂಗಳಾಗಿತ್ತು.